ಹೆಡ್‌ಕ್ವಾರ್ಟರಿನ ಡ್ರಮ್ಮು

ಟಿ.ವಿ.ಯಲ್ಲಿ ಗಣರಾಜ್ಯೋತ್ಸವದ ಪರೇಡು ನಡೆದಿತ್ತು. ಹೊಳಿಯಮ್ಮ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಎದ್ದು ಬಂದು ಪರದೆಯ ಮೇಲೆ ಬೆರಳಿಟ್ಟಳು. ಸೇನೆಯ ಬ್ಯಾಂಡಿನ ನಡುವೆ, ಎದೆಯ ಮುಂದೆ ದೊಡ್ಡ ಡ್ರಮ್ಮು ಕಟ್ಟಿಕೊಂಡು, ಚಿರತೆಯ ಚರ್ಮದಂಥ ಬಟ್ಟೆ ಹೊದ್ದು, ಎರಡೂ ಕೈ ಬೀಸಿ ಬಾರಿಸುತ್ತಿದ್ದವನು ಅವಳ ಮಗ ಗೌತಮ. ಅವಳ ಗಂಡ ಗ್ಯಾನಪ್ಪನೂ ಒಂದು ಗಳಿಗೆ ನೋಡಿದ. ಆಮೇಲೆ ಎದ್ದು ಹೋಗಿ ಟಿ.ವಿ. ಆರಿಸಿ, ಚಪ್ಪಲಿ ಮೆಟ್ಟಿ ಗದ್ದೆಯ ಕಡೆ ನಡೆದುಬಿಟ್ಟ.

ಒಂದು ಕಾಲಕ್ಕೆ ಗ್ಯಾನಪ್ಪನ ಹಲಗೆ ಅಂದರೆ ಮರಳಿ ಊರಿನ ಸುತ್ತ ಹೆಸರುವಾಸಿ. ಮದುವೆ, ಸಾವು, ದೇವರ ಪಲ್ಲಕ್ಕಿ, ಯಾವುದಕ್ಕೆ ಕರೆದರೂ ಹೋಗಬೇಕು, ಸಾಕು ಅನ್ನುವವರೆಗೂ ಬಾರಿಸಬೇಕು. ಒಂದು ಮೆರವಣಿಗೆಯಲ್ಲಿ ಬೆರಳು ಒಡೆದು ರಕ್ತ ಬಂತು. ಬಟ್ಟೆ ಸುತ್ತಿಕೊಳ್ಳಲು ನಿಂತಿದ್ದೇ ತಡ, ಮಗನ ವಯಸ್ಸಿನವನೊಬ್ಬ ಹೆತ್ತವಳನ್ನೂ ಸೇರಿಸಿ ಬೈದ. ಅಂದು ಮನೆಗೆ ಬಂದು ಹಲಗೆಯನ್ನು ಅಟ್ಟಕ್ಕೆ ಎಸೆದವನು ಮತ್ತೆ ಮುಟ್ಟಲಿಲ್ಲ, ಮಗನಿಗೂ ಮುಟ್ಟಗೊಡಲಿಲ್ಲ. ಗೌತಮ ಸೈನ್ಯ ಸೇರಿದಾಗ ಗ್ಯಾನಪ್ಪ ಕೇರಿಗೆಲ್ಲ ಪೇಢೆ ಹಂಚಿದ. ನಮ್ಮ ಹುಡುಗ ಬ್ರಿಗೇಡಿನ ಹೆಡ್‌ಕ್ವಾರ್ಟರಿನಲ್ಲಿದ್ದಾನೆ ಎಂದು ಮಾಜೀದನ ಚಹಾದಂಗಡಿಯಲ್ಲಿ ದಿನಾ ಹೇಳುತ್ತಿದ್ದ. ಅಲ್ಲಿ ಏನು ಕೆಲಸ ಎಂದು ಯಾರಾದರೂ ಕೇಳಿದರೆ, ಅದೆಲ್ಲ ಹೊರಗೆ ಹೇಳುವಂಥದ್ದಲ್ಲ ಎಂದು ದನಿ ತಗ್ಗಿಸುತ್ತಿದ್ದ. ಅಸಲಿಗೆ ಅವನಿಗೇ ಗೊತ್ತಿರಲಿಲ್ಲ. ಗೌತಮ ಹೇಳಿರಲಿಲ್ಲ.

ಮುಂದಿನ ತಿಂಗಳು ಗೌತಮ ರಜೆಗೆ ಬಂದ. ಪ್ರತಿ ಸಲ ಗಂಗಾವತಿಯ ಬಸ್‌ಸ್ಟ್ಯಾಂಡಿಗೆ ಬಂದು ಟ್ರಂಕು ಹೊರುತ್ತಿದ್ದ ಅಪ್ಪ ಈ ಸಲ ಕಾಣಲಿಲ್ಲ. ಮನೆಯಲ್ಲಿ ತಾಯಿ ನೀರು ಕೊಟ್ಟು, ಅಪ್ಪ ತಾನಾಗಿ ಮಾತಾಡುವುದಿಲ್ಲ, ಗದ್ದೆಗೆ ನೀನೇ ಹೋಗು ಎಂದಳು. ಆಮೇಲೆ ಬಾಗಿಲ ಕಡೆ ನೋಡಿ ಮೆಲ್ಲಗೆ, "ಟಿ.ವಿ. ಬಂದ್ ಮಾಡಿದವ ಮಾಜೀದನ ಮೊಬೈಲಿನ್ಯಾಗ ನಿನ್ನ ಪರೇಡನ್ನ ಹಾಕಿಸಿಗೊಂಡು ಹಾಕಿಸಿಗೊಂಡು ನೋಡ್ಯಾನ. ನಾ ಹೇಳಿದೆ ಅನಬ್ಯಾಡ," ಎಂದಳು.

ಬೇರೆಯವರಿಂದ ಲಾವಣಿಗೆ ಹಿಡಿದ ಗದ್ದೆಯಲ್ಲಿ ಗ್ಯಾನಪ್ಪ ಭತ್ತಕ್ಕೆ ಔಷಧಿ ಹೊಡೆದು ಮುಗಿಸಿ ನೀಲಿ ಬ್ಯಾರೆಲ್ ತೊಳೆಯುತ್ತಿದ್ದ. ಮಗನ ನೆರಳು ಬಿದ್ದರೂ ತಲೆ ಎತ್ತಲಿಲ್ಲ.

"ಬಾರಸೂದು ನನ್ನ ಕಾಲಕ್ಕ ಮುಗೀಲಿ ಅಂತ ನಿನ್ನ ಕಳಿಸಿದ್ನಿ. ಅಲ್ಲೂ ನಮ್ಮವರಿಗೆ ಅದನ್ನ ಹಚ್ಚ್ಯಾರೇನು?"

"ಯಾರೂ ಹಚ್ಚಿಲ್ಲ, ಯಪ್ಪಾ. ನಾನ ಕೇಳಿಕೊಂಡು ಹೋಗೀನಿ."

ಗೌತಮ ಬದುವಿನ ಮೇಲೆ ಕೂತು ಎಲ್ಲ ಹೇಳಿದ. ಬ್ಯಾಂಡಿಗೆ ಸೇರಲು ಪರೀಕ್ಷೆ ಇದೆ, ಸೋತವರೇ ಹೆಚ್ಚು. ತನ್ನ ಎಡಕ್ಕೆ ನಿಲ್ಲುವವನು ಕೇರಳದ ಪಾದ್ರಿಯ ಮಗ, ಬಲಕ್ಕೆ ನಿಲ್ಲುವವನು ಪಂಜಾಬಿನ ಜಮೀನುದಾರರ ಹುಡುಗ. ಹಿಂದೆ ರಣರಂಗದಲ್ಲಿ ಮುನ್ನುಗ್ಗು, ಹಿಂದೆ ಸರಿ ಎಂಬ ಆಜ್ಞೆ ದಂಡಿಗೆ ಮುಟ್ಟುತ್ತಿದ್ದದ್ದೇ ಡ್ರಮ್ಮಿನಿಂದ. ಈಗ ಲಡಾಯಿ ಬಂದರೆ ವಾದ್ಯಗಳನ್ನು ಪೆಟ್ಟಿಗೆಗೆ ಹಾಕಿ, ಗುಂಡಿನ ನಡುವೆಯೇ ಗಾಯಾಳುಗಳನ್ನು ಸ್ಟ್ರೆಚರಿನಲ್ಲಿ ಹೊತ್ತು ತರುವುದು ಬ್ಯಾಂಡಿನವರ ಕೆಲಸ, ಅದಕ್ಕೂ ತರಬೇತಿ ಆಗಿದೆ.

ಗ್ಯಾನಪ್ಪ ಎಲ್ಲ ಕೇಳಿಸಿಕೊಂಡ. ಲಡಾಯಿಯ ಮಾತು ಬಿಟ್ಟು, ಡ್ರಮ್ಮಿಗೆ ಹಾಕಿದ್ದು ಚರ್ಮವೋ ಪ್ಲಾಸ್ಟಿಕ್ಕೋ ಎಂದು ಕೇಳಿದ. ಪ್ಲಾಸ್ಟಿಕ್ಕು ಎಂದ ಮಗ. ಬಿಗಿ ಬರಲು ಬೆಂಕಿಗೆ ಹಿಡಿಯುವುದಿಲ್ಲವೇ? ಇಲ್ಲ, ಸುತ್ತಲೂ ತಿರುಪು ಬಿಗಿಯುತ್ತೇವೆ. ಗ್ಯಾನಪ್ಪ ಮುಖ ಸಿಂಡರಿಸಿ, ಅದಕ್ಕೇ ದನಿ ಬೋಳುಬೋಳು ಬರುತ್ತದೆ, ಸೇತುವೆ ದಾಟುವ ಲಾರಿಯ ಹಾಗೆ, ಅದೂ ಅಲ್ಲದೆ ತಿರುವಿನಲ್ಲಿ ನಿನ್ನ ಎಡಗೈ ಜರಾ ತಡವಾಗುತ್ತದೆ ಎಂದ. ಎಂದ ಮೇಲೆ ನಾಲಿಗೆ ಕಚ್ಚಿಕೊಂಡ. ಗೌತಮ ನಗು ತಡೆಯಲು ಕಾಲುವೆಯ ಕಡೆ ಮುಖ ತಿರುಗಿಸಿದ.

"ನಿನ್ನ ಹಿಂದ ಬರತಾರಲ್ಲ ಆ ದೊಡ್ಡ ಸಾಹೇಬರು, ಅವರು ಹೆಂಗ ನಡೀತಾರ?"

"ನನ್ನ ಏಟು ಬಿದ್ದಾಗ ಎಡಗಾಲು ಇಡಬೇಕು. ಕರ್ನಲ್ ಆದ್ರೂ ಅಷ್ಟ, ಸಿಪಾಯಿ ಆದ್ರೂ ಅಷ್ಟ."

"ಯಾವನರ ಹೆಜ್ಜಿ ತಪ್ಪಿದ್ರ ಯಾರನ್ನ ಬೈತಾರ?"

"ಹೆಜ್ಜಿ ತಪ್ಪಿದವನ್ನ. ಡ್ರಮ್ಮಿನವಗ ಯಾರೂ ಏನೂ ಅನ್ನಂಗಿಲ್ಲ."

ಗ್ಯಾನಪ್ಪ ಆ ಮಾತನ್ನು ಇನ್ನೊಮ್ಮೆ ಹೇಳಿಸಿದ. ಆಮೇಲೆ ಟವೆಲ್ಲಿನಿಂದ ಕೈ ಒರೆಸಿಕೊಂಡು, ಖಾಲಿ ಬ್ಯಾರೆಲ್ಲನ್ನು ಬೋರಲು ಹಾಕಿ, ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. ಅಂಗೈಯಿಂದ ಒಮ್ಮೆ ತಟ್ಟಿ ಕಿವಿಗೊಟ್ಟ. ಇನ್ನೊಮ್ಮೆ ಅಂಚಿಗೆ ತಟ್ಟಿದ. "ನಡಿ ನೋಡೂಣು," ಎಂದ.

ಗೌತಮ ಪ್ಯಾಂಟು ಮಡಿಚಿ, ಬರಿಗಾಲಲ್ಲಿ ಬದುವಿನ ಮೇಲೆ ಎದೆಯುಬ್ಬಿಸಿ ಹೊರಟ. ಏಟು ಬಿದ್ದಾಗ ಎಡಗಾಲು, ಏಟು ಬಿದ್ದಾಗ ಎಡಗಾಲು. ಪಕ್ಕದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಿಂತರು. ಸ್ವಲ್ಪ ದೂರ ಎಲ್ಲ ಸರಿಯಾಗೇ ಇತ್ತು. ಅಷ್ಟರಲ್ಲಿ ಗ್ಯಾನಪ್ಪನ ಬೆರಳುಗಳಿಗೆ ಏನೋ ನೆನಪಾದಂತಿತ್ತು. ಒಂದು ಏಟಿನ ಜಾಗಕ್ಕೆ ಮೂರು ಬಂದವು, ಮೂರರ ನಡುವೆ ಇನ್ನೊಂದು ನುಸುಳಿತು, ಬ್ಯಾರೆಲ್ಲು ಹಲಗೆಯಂತೆ ಕುಣಿಯತೊಡಗಿತು. ಗೌತಮನ ಕಾಲಿಗೆ ಕಾಲು ತೊಡರಿ, ಹೆಡ್‌ಕ್ವಾರ್ಟರಿನ ಸಿಪಾಯಿ ಮೊಣಕಾಲುದ್ದದ ಕೆಸರಿಗೆ ಜಾರಿದ. ಹೆಂಗಸರು ನಕ್ಕ ನಗು ಕಾಲುವೆಯ ಆಚೆಗೂ ಕೇಳಿಸಿತು.

ಗ್ಯಾನಪ್ಪ ಕೈ ನಿಲ್ಲಿಸಲಿಲ್ಲ. ಬಾರಿಸುತ್ತಲೇ ಕೇಳಿದ:

"ಈಗ ಹೇಳು, ತಪ್ಪು ಯಾರದು?"