ಹಗಲು ಹೊತ್ತಿನ ಕತೆ

“ಹಗಲಿ ಕತಿ ಹೇಳಂಗಿಲ್ಲ. ಒಲ್ಲೆ ಅಂದ್ರ ಒಲ್ಲೆ,” ಎಂದು ಫಕೀರವ್ವ ಕಡ್ಡಿ ಮುರಿದಂತೆ ಹೇಳಿ, ಗೋಡೆಗೆ ಒರಗಿ ಕುಳಿತುಬಿಟ್ಟಾಗ ನಾಲ್ಕು ಗಂಟೆಗೆ ಹತ್ತೇ ನಿಮಿಷ ಬಾಕಿ. ನಾಲ್ಕಕ್ಕೆ ಓಣಿಯ ಮಕ್ಕಳೆಲ್ಲ ಬರುವವರಿದ್ದರು; ಮಗಳು ನೀಲಾ ಗಾಬರಿಯಿಂದ ಗಡಿಯಾರ ನೋಡಿದಳು.

ಇವತ್ತು ನೀಲಾಳ ಕೂಸು ರಸಿಕಾಗೆ ಎರಡು ತುಂಬಿತ್ತು. ನೆಹರು ನಗರದಲ್ಲಿ ಯಾರೂ ಮಾಡದಂಥ ಹುಟ್ಟುಹಬ್ಬ ಮಾಡಬೇಕೆಂದು ನೀಲಾ ಹಟ ತೊಟ್ಟಿದ್ದಳು. ಮನೆಯ ಪಡಸಾಲೆಯೇ ಒಂದು ಕತೆ ಪುಸ್ತಕ! ತಾನು ಚಿಕ್ಕವಳಿದ್ದಾಗ ಅವ್ವ ಹೇಳುತ್ತಿದ್ದ, ಕೊರಳ ಗಂಟೆ ಕಳಕೊಂಡ ಕುರಿಮರಿಯ ಕತೆಯನ್ನು ಎಂಟು ದೊಡ್ಡ ಹಾಳೆಗಳಲ್ಲಿ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಳು. ಬರುವ ಮಕ್ಕಳಿಗೆಂದು ಹತ್ತಿಯ ಕಿವಿ, ನರಿಯ ಬಾಲ ಹೊಲಿದಿಟ್ಟಿದ್ದಳು. ಚಿತ್ರ ತನ್ನವು, ಮಾತು ಅವ್ವನದು. ಅಕ್ಷರ ಬಾರದ ತನ್ನವ್ವ ಎಂಥ ಕತೆಗಾರ್ತಿ ಎಂಬುದನ್ನು ಓಣಿಯೆಲ್ಲ ನೋಡಬೇಕು. ಅದಕ್ಕೇ ಖಾನಾಪುರದ ಹತ್ತಿರದ ಹಳ್ಳಿಯಿಂದ ಅವಳನ್ನು ಬೆಳಗಿನ ಬಸ್ಸಿಗೇ ಕರೆಸಿದ್ದಳು. ಈಗ ಹದಿನೈದು ದಿನದ ದುಡಿತವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುವ ಲಕ್ಷಣ.

“ಯಾಕವ್ವಾ? ಏನಾತೀಗ?”

“ಹಗಲಿ ಕತಿ ಕೇಳಿದ ಕೂಸಿನ ಮಾಮಾ ದಾರಿ ತಪ್ತಾನ. ನಿನಗ ಒಂದರೆ ದಿನ ಹಗಲಿ ಹೇಳೇನೇನು? ಅಲ್ಲಿ ರಾಮಲಿಂಗ ದಾರ್ಯಾಗ ಅದಾನ. ಅಡವಿ ಹಾದಿ ಅದು.”

ರಾಮಲಿಂಗ ನೀಲಾಳ ತಮ್ಮ. ಸುಗ್ಗಿ ಮುಗಿದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ತರುಬಿಕೊಂಡು ಜಾಂಬೋಟಿ ಕಡೆ ಇದ್ದವನು, ರಸಿಕಾಗೆ ತೋರಿಸಲು ಒಂದು ಮರಿಯನ್ನು ಬುಟ್ಟಿಯಲ್ಲಿಟ್ಟು ಮೋಟರ್‌ಸೈಕಲ್‌ಗೆ ಕಟ್ಟಿಕೊಂಡು ಮೂರಕ್ಕೆಲ್ಲ ಬರುತ್ತೇನೆಂದಿದ್ದ. ಇನ್ನೂ ಪತ್ತೆಯಿರಲಿಲ್ಲ.

ಮನೆಯ ಮಾಲಕಿ ಗಂಗೂಬಾಯಿ ಬಿದ್ದು ಬಿದ್ದು ನಕ್ಕಳು. ಮಗಳ ಮಗ ಪರಾಗನನ್ನು ಕರೆದುಕೊಂಡು ಎಲ್ಲರಿಗಿಂತ ಮೊದಲೇ ಬಂದು, ಬಾಗಿಲ ಬಳಿ ಗಾಳಿ ಬರುವ ಕುರ್ಚಿ ಹಿಡಿದಿದ್ದಳು. “ಅಯ್ಯ ಫಕೀರವ್ವಾ, ಎರಡ ಸಾವಿರ ಇಸವಿ ಬಂತು! ಡಾಂಬರ್ ರಸ್ತೆದಾಗ ದಾರಿ ಹ್ಯಾಂಗ ತಪ್ತಾನ? ಮೈಲಿಗಲ್ಲ ಇಲ್ಲೇನು?”

“ಯಾರ ಮಗ ಎಲ್ಲಿ ಹೊಂಟಾನಂತ ಕಲ್ಲಿಗೇನ ಗೊತ್ತರೀ ಬಾಯಾರ?” ಎಂದಳು ಫಕೀರವ್ವ.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಧಡಧಡ ಸದ್ದು. ಹನ್ನೆರಡು ಮಕ್ಕಳು ಒಮ್ಮೆಲೇ ನುಗ್ಗಿ, ಕಿವಿಗೂ ಬಾಲಕ್ಕೂ ಜಗಳಾಡಿ, “ಕತಿ ಎಲ್ಲೈತಿ? ಕತಿ ಯಾವಾಗ?” ಎಂದು ಕುಣಿಯತೊಡಗಿದವು. ನೀಲಾಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಅವ್ವನನ್ನು ನೋಡಿದಳು, ಅವ್ವ ಹಾಸಿಕೊಂಡು ಕುಳಿತ ಕಂಬಳಿ ನೋಡಿದಳು, ಕಿಟಕಿ ನೋಡಿದಳು.

“ಅವ್ವಾ, ಕತ್ತಲಾದ್ರ ಹೇಳ್ತಿ?”

“ಕತ್ತಲಾದ್ರ ಯಾಕ ಹೇಳಂಗಿಲ್ಲ?”

“ಹಂಗಾದ್ರ ಕಂಬಳಿ ಬಿಟ್ಟು ಏಳು ಮ್ಯಾಲೆ! ಕತ್ತಲಿ ಮಾಡೂಣು!”

ನೀಲಾಳ ಗಂಡ ಗಜಾನನ ಸ್ಟೂಲು ಹತ್ತಿ ಒಂದು ಕಿಟಕಿಗೆ ಕಂಬಳಿ, ಇನ್ನೊಂದಕ್ಕೆ ಜಮಖಾನ ಕಟ್ಟಿದ. ಮಕ್ಕಳು ಒಳಗಿದ್ದ ಚಾದರುಗಳನ್ನೆಲ್ಲ ಎಳೆದು ತಂದವು. ಬೆಳಕಿಂಡಿಗೆ ಕ್ಯಾಲೆಂಡರ್ ಬಂತು. ಬಾಗಿಲು ಮುಚ್ಚಿದ್ದೇ ತಡ, ಪಡಸಾಲೆಯಲ್ಲಿ ಕಗ್ಗತ್ತಲು. ಮಕ್ಕಳು ಖುಷಿಯಿಂದ ಕಿರುಚಿದವು. ನೀಲಾ ಮಾತ್ರ ಗೋಡೆಯತ್ತ ತಿರುಗಿದಳು. ಅವಳ ಎಂಟು ಚಿತ್ರಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ಗಜಾನನ ತಡಕಾಡಿ ಬ್ಯಾಟರಿ ತಂದು ಅವಳ ಕೈಗಿಟ್ಟ. ಅವಳು ಮೊದಲ ಹಾಳೆಗೆ ಬೆಳಕು ಬಿಟ್ಟದ್ದೇ, “ಮರೀ!” ಎಂದು ರಸಿಕಾ ಚಪ್ಪಾಳೆ ತಟ್ಟಿದಳು. ಗೋಡೆಯ ಮೇಲೆ ಅದೊಂದೇ ಮರಿ, ಸುತ್ತ ಕತ್ತಲು. ಹಗಲಿನಲ್ಲಿ ಅದು ಇಷ್ಟು ಚೆಂದ ಕಂಡಿರಲೇ ಇಲ್ಲ.

“ಹೂಂ ಅನ್ರಿ, ಅಂದ್ರ ಹೇಳ್ತೀನಿ,” ಎಂದಳು ಫಕೀರವ್ವ.

“ಹೂಂ!” ಎಂದು ಮನೆ ಹಾರಿಹೋಗುವಂತೆ ಕೂಗಿದವು ಮಕ್ಕಳು.

ಮುಂದೆ ಫಕೀರವ್ವನೇ ಕುರಿಯಾದಳು, ನರಿಯಾದಳು, ಹಳ್ಳದ ನೀರಾದಳು. ನೀಲಾ ಹಾಳೆಯಿಂದ ಹಾಳೆಗೆ ಬೆಳಕು ಓಡಿಸಿದಳು. ಆರನೆಯ ಹಾಳೆಗೆ ಬಂದಾಗ ಫಕೀರವ್ವ ದನಿ ಇಳಿಸಿ, “ಅಷ್ಟು ದೊಡ್ಡ ಅಡವ್ಯಾಗ ಮರಿ ಒಂದ ನಿಂತು ಒದರ್ತು…” ಎಂದಳು. ಮುಚ್ಚಿದ ಬಾಗಿಲಾಚೆಯಿಂದ ಖರೇ ಖರೇ “ಬ್ಯಾಽಽ” ಎಂದು ಕೇಳಿಸಿತು.

ಮಕ್ಕಳು ಎದ್ದು ಬಿದ್ದು ಕೂಗಿದವು. ಬಾಗಿಲು ತೆರೆಯಿತು. ಮೈಯೆಲ್ಲ ಧೂಳಾಗಿ, ಕಂಕುಳಲ್ಲಿ ಮರಿ ಹಿಡಿದು ರಾಮಲಿಂಗ ನಿಂತಿದ್ದ. “ಅಕ್ಕಾ, ಗಾಡಿ ಪಂಚರ್ ಆಗಿತ್ತು!” ಎಂದವನ ಮಾತು ಯಾರಿಗೂ ಬೇಕಿರಲಿಲ್ಲ. ಹನ್ನೆರಡು ಕೈ ಮರಿಯ ಮೈಮೇಲೆ. ರಸಿಕಾ ಅದರ ಕಿವಿ ಹಿಡಿದು ಕೇಕೆ ಹಾಕಿದಳು. ನೀಲಾಳ ಕಣ್ಣಲ್ಲಿ ನೀರೇ ಬಂತು.

“ಅವ್ವಾ, ನಿನ್ನ ಮಗ ಬಂದ! ಇನ್ನ ಕಿಟಕಿ ತಗೀತೇನಿ, ಚಿತ್ರ ಎಲ್ಲಾರೂ ನೋಡ್ಲಿ,” ಎನ್ನುತ್ತ ಕಂಬಳಿಗೆ ಕೈ ಹಾಕಿದಳು.

“ನನ್ನ ಮಗ ಬಂದ. ಈ ಕೂಸುಗೋಳಿಗೆ ಮಾಮಾಂದಿರು ಇಲ್ಲೇನು?”

ನೀಲಾಳ ಕೈ ಅಲ್ಲೇ ನಿಂತಿತು. ಮಕ್ಕಳು ಮಾತ್ರ ಸುಮ್ಮನಿರಬೇಕಲ್ಲ! “ನನ್ನ ಮಾಮಾ ಧಾರವಾಡದಾಗ!” “ನನಗ ಮೂರು ಮಂದಿ ಮಾಮಾ!” ಎಂದು ಒಂದೇ ಸಮನೆ ಶುರು ಹಚ್ಚಿದವು. ಪರಾಗ ಎಲ್ಲರಿಗಿಂತ ಜೋರಾಗಿ ಕೂಗಿದ: “ನನ್ನ ಮಾಮಾ ಕಾಶ್ಮೀರದಾಗ ಅದಾನ! ಬಂದೂಕ ಹಿಡ್ಕೊಂಡು ಬರ್ಫದಾಗ ನಿಂತಾನ!”

ಪರಾಗನ ಮಾಮಾ ಎಂದರೆ ಗಂಗೂಬಾಯಿಯ ಒಬ್ಬನೇ ಮಗ. ಆಕೆ ಕುರ್ಚಿಯಿಂದ ಎದ್ದು, ಯಾರ ಮುಖವನ್ನೂ ನೋಡದೆ ಬಾಗಿಲು ಮುಚ್ಚಿ ಚಿಲಕ ಹಾಕಿದಳು. ಕೆಳಗಿನ ಸಂದಿಯಿಂದ ಬಿಸಿಲಿನ ಒಂದು ಗೆರೆ ಇನ್ನೂ ಒಳಗೆ ಬರುತ್ತಿತ್ತು. ಗಂಗೂಬಾಯಿ ನೆಲದ ಮೇಲೆ ಕುಳಿತು, ತನ್ನ ಹೊಸ ಸೀರೆಯ ಸೆರಗನ್ನು ಮುದ್ದೆ ಮಾಡಿ ಆ ಸಂದಿಗೆ ಎರಡೂ ಕೈಯಿಂದ ಒತ್ತಿ ಹಿಡಿದಳು.