ಕುಟ್ಟಾಣಿ

ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟುತ್ತಿದ್ದ ಗುರುಶಾಂತಪ್ಪನವರಿಗೆ ಮಾತ್ರೆ ಶುರುವಾಗಿ ನಾಲ್ಕು ತಿಂಗಳಾಗಿತ್ತು. ಹೇಗೆ ತಗೊಳ್ತಿದ್ದೀರಿ ಎಂದು ಡಾಕ್ಟರು ಕೇಳಿದರು.

"ನುಂಗಿದ್ರೆ ಗಂಟಲಲ್ಲೇ ಸಿಕ್ಕೊಳ್ತದೆ. ನಮ್ಮ ಸೊಸೆ ದಿನಾ ಕುಟ್ಟಿ ಪುಡಿ ಮಾಡಿ, ಜೇನುತುಪ್ಪದಲ್ಲಿ ಕಲಸಿ ಕೊಡ್ತಾಳೆ."

ಡಾಕ್ಟರ ಪೆನ್ನು ನಿಂತಿತು. "ಕೈಯಲ್ಲೇ ಕಲಸ್ತಾರಾ?"

"ಹೂಂ, ಬೆರಳಲ್ಲೇ. ಪಾಪ, ಒಂದು ಚೂರೂ ಹಾಳು ಮಾಡಲ್ಲ."

"ಆಕೆ ಬಸುರಿಯೇನ್ರಿ?"

"ಆ ಭಾಗ್ಯ ಎಲ್ಲಿ ಬಂತು? ಮದುವೆಯಾಗಿ ಒಂಬತ್ತು ವರ್ಷ, ನಾವು ಹರಕೆ ಹೊರದ ದೇವರಿಲ್ಲ."

ಡಾಕ್ಟರು ಉಸಿರು ಬಿಟ್ಟರು. "ಸದ್ಯ, ಬಚಾವಾದ್ರಿ. ಈ ಪುಡಿಯನ್ನ ಬಸುರಿಯರು ಮುಟ್ಟಲೇಬಾರದು. ಮೈಗಿಳಿದ್ರೆ ಹೊಟ್ಟೆಯಲ್ಲಿರೋ ಗಂಡು ಕೂಸಿಗೆ ಊನ ಆಗಬಹುದು. ಇನ್ಮೇಲೆ ಕುಟ್ಟಿಸಬೇಡಿ, ಇಡಿಯಾಗೇ ನುಂಗಿ."

ಮನೆಯ ಹೊಸ್ತಿಲು ದಾಟುವಾಗಲೇ ಒಳಗಿನಿಂದ ಕುಟ್ಟಾಣಿಯ ಟಣ್ ಟಣ್ ಸದ್ದು ಕೇಳಿಸಿತು. ಮಾವನನ್ನು ಕಂಡ ಸೊಸೆ ಎಂದೂ ಇಲ್ಲದ ನಾಚಿಕೆಯಿಂದ ಎದ್ದು ಬಂದು, ಪುಡಿ ಮೆತ್ತಿದ ಬೆರಳುಗಳಿಂದಲೇ ಅವರ ಕಾಲು ಮುಟ್ಟಿದಳು.

"ಮೂರು ತಿಂಗಳು ತುಂಬೋ ತನಕ ಯಾರಿಗೂ ಬಾಯಿ ಬಿಡಬೇಡ ಅಂತ ನಮ್ಮವ್ವ ಅಂದಿದ್ಲು, ಮಾವ. ಇವತ್ತಿಗೆ ತುಂಬಿತು."