ದೇವರ ಬಾವಿಯ ಒಂಟಿ ಹುಳ

"ಒಂದೇ ಒಂದು ಹುಳ ಐತಲ್ಲ ಸ್ವಾಮಿ!" ಸೂಕ್ಷ್ಮದರ್ಶಕದೊಳಗಿನ ನೀರಿನ ಹನಿಯಿಂದ ಕಣ್ಣು ಕೀಳದೆ ಪೂಜಾರಿ ಚಿತ್ತಯ್ಯ ನಕ್ಕ. "ಇದಕ್ಕೆ ಹೆದರ್ಕಂಡು ದೇವರ ಬಾವಿಗೆ ಹುಳ ಸಾಯ್ಸೋ ಕೆಂಪು ಔಷಧಿ ಸುರೀಬೇಕಾ? ಟಗರಿಲ್ಲದ ಒಂಟಿ ಕುರಿ ಹಟ್ಟಿ ತುಂಬಿಸ್ತದಾ?" ಸುತ್ತ ನಿಂತವರು ಗೊಳ್ಳೆಂದರು. ವಾಂತಿಭೇದಿ ಹಿರಿಯೂರಿನ ಕಡೆಯಿಂದ ಈ ಹಟ್ಟಿಯ ಜನಕ್ಕೂ ಬಂದಿತ್ತು. ಆದರೂ ಅಭಿಷೇಕದ ನೀರು ಕೆಡಿಸಲು ಚಿತ್ತಯ್ಯ ಬಿಟ್ಟಿರಲಿಲ್ಲ.

"ನೋಡ್ತಾ ಇರು," ಎಂದರು ಸರ್ಕಾರಿ ಡಾಕ್ಟರು.

ಕುಡುಗೋಲಿನಂತೆ ಬಾಗಿದ ಹುಳ ಉದ್ದವಾಯಿತು. ಅದರ ನಡು ಸಣ್ಣಗಾಗುತ್ತ, ನೂಲಿನ ಎಳೆಯಷ್ಟಾಗಿ, ಹರಿದು ಎರಡಾಯಿತು. ಕುರಿ ಈಯುವುದನ್ನು ಹುಟ್ಟಿದಾಗಿನಿಂದ ಕಂಡವನು ಚಿತ್ತಯ್ಯ. ಇಲ್ಲಿ ನೋವಿಲ್ಲ, ರಕ್ತವಿಲ್ಲ, ಮರಿಯನ್ನು ನೆಕ್ಕುವ ತಾಯಿಯೂ ಇಲ್ಲ. ಎರಡೂ ಒಂದೇ ಥರ ಈಜಾಡುತ್ತಿದ್ದವು.

"ಇದರಾಗೆ ತಾಯಿ ಯಾವುದು, ಮರಿ ಯಾವುದು?" ಚಿತ್ತಯ್ಯ ಕೇಳಿದ.

"ತಾಯೀನೂ ಇಲ್ಲ, ತಂದೇನೂ ಇಲ್ಲ. ಒಂದು ಎರಡಾಗ್ತದೆ, ಎರಡು ನಾಲ್ಕಾಗ್ತವೆ. ಸಂಜೆಗೆ ಬಾವಿ ತುಂಬ ಅವೇ."

"ಹೆತ್ತೋರಿಲ್ದೋನು ಶಿವ ಒಬ್ಬನೇ ಅಂತ ದಿನಾ ಪದ ಹೇಳ್ತೀನಲ್ಲ ಸ್ವಾಮಿ..." ಚಿತ್ತಯ್ಯ ಥಟ್ಟನೆ ತಲೆಯೆತ್ತಿ ಬಾವಿಯತ್ತ ಓಡಿದ.

ಬಸುರಿ ಸೊಸೆ ಕಾಟಮ್ಮ ಕಟ್ಟೆಯ ಮೇಲೆ ತಂಬಿಗೆ ಇಟ್ಟು, ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು. "ಯಾಕೆ ಮಾವಯ್ಯ, ಹಿಂಗೆ ಓಡಿ ಬಂದ್ರಿ? ದೇವರ ನೀರು ಏನೂ ಮಾಡಲ್ಲ, ಕುಡಿಯವ್ವ ಅಂತ ಬೆಳಿಗ್ಗೆ ನೀವೇ ಅಂದ್ರಲ್ಲ."